ಹದಿನಾಲ್ಕನೆಯ ತಿಂಗಳು

ಸಂಸಾರಸ್ಥರ ಮನೆಗಳಲ್ಲಿ ಕಾಗದಪತ್ರಗಳಿಗೂ ಪಂಕ್ತಿಭೇದವುಂಟು. ಮನೆಯ ಕ್ರಯಪತ್ರ, ವಿಮೆಯ ಪಾಲಿಸಿ, ಮಕ್ಕಳ ಜಾತಕ, ಇವು ಮೊದಲನೆಯ ಪಂಕ್ತಿ. ಬೀರುವಿನ ಒಳಗಣ ಖಾನೆಯಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಅವುಗಳ ವಾಸ. ಹಾಲಿನವನ ಚೀಟಿ, ದೀಪದ ಬಿಲ್ಲು ಮೊದಲಾದವು ಎರಡನೆಯ ಪಂಕ್ತಿ. ಅಡುಗೆಮನೆಯ ಡಬ್ಬಿಗಳ ಹಿಂದೆ ಎಲ್ಲಿಯೋ ಅವು ಬದುಕಿಕೊಳ್ಳುತ್ತವೆ. ಈ ಎರಡು ಪಂಕ್ತಿಗಳ ನಡುವೆ ತ್ರಿಶಂಕುವಿನಂತೆ ನೇತಾಡುವುದು ವಾರಂಟಿ ಕಾರ್ಡು. ಒಂದು ವರ್ಷ ಪರ್ಯಂತ ಅದಕ್ಕೆ ಜಾತಕದ ಪಕ್ಕದಲ್ಲಿ ಸ್ಥಾನ. ವರ್ಷ ತುಂಬಿದ ಮರುದಿನ ಅದು ರದ್ದಿ. ಜಾತಕಕ್ಕೂ ಅದಕ್ಕೂ ಇನ್ನೊಂದು ಹೋಲಿಕೆಯುಂಟು: ದಿನಗಳು ಚೆನ್ನಾಗಿರುವಾಗ ಎರಡನ್ನೂ ಯಾರೂ ಬಿಚ್ಚಿ ನೋಡುವುದಿಲ್ಲ.

ಬಿಚ್ಚಿ ನೋಡಿದರೂ ಪ್ರಯೋಜನವೇನು? ಅಕ್ಷರಗಳು ಎಳ್ಳಿಗಿಂತ ಸಣ್ಣವು. ರೆಫ್ರಿಜರೇಟರನ್ನು ಮಾರುವಾಗ ಅಂಗಡಿಯವನು 'ಹತ್ತು ವರ್ಷ ಗ್ಯಾರಂಟಿ' ಎಂದು ಎದೆ ತಟ್ಟಿ ಹೇಳುತ್ತಾನೆ. ಮನೆಗೆ ಬಂದು ಕನ್ನಡಕವೇರಿಸಿ ನೋಡಿದರೆ ಆ ಹತ್ತು ವರ್ಷ ಕಂಪ್ರೆಸರ್ ಎಂಬ ಒಂದು ಭಾಗಕ್ಕೆ ಮಾತ್ರ. ಮಿಕ್ಕ ಭಾಗಗಳಿಗೆಲ್ಲ ಒಂದೇ ವರ್ಷ. ಆ ಕಂಪ್ರೆಸರನ್ನು ಬದಲಾಯಿಸಬೇಕಾದರೂ ಅನಿಲ ತುಂಬುವ ಖರ್ಚು, ಕೂಲಿ, ಸಾಗಾಣಿಕೆ ಎಷ್ಟೋ ವೇಳೆ ನಮ್ಮದೇ. ಮದುವೆಯ ಊಟಕ್ಕೆ ಕರೆದು, ಪಾಯಸ ಮಾತ್ರ ನಮ್ಮದು, ಎಲೆ, ಅನ್ನ, ಸಾರುಗಳನ್ನು ನೀವೇ ತರಬೇಕು ಎಂದಂತೆ.

ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರದ ಪ್ರಸಂಗವನ್ನು ಇಲ್ಲಿ ಹೇಳಬೇಕು. ಇಪ್ಪತ್ತೆರಡು ಸಾವಿರ ರೂಪಾಯಿ ಕೊಟ್ಟು ತಂದ ಯಂತ್ರ. ತಯಾರಿಸಿದ ಕಂಪನಿಯ ಹೆಸರು ಬೇಡ. ವಾಚಕರಲ್ಲಿ ಬಹುಮಂದಿಗೆ ತಮ್ಮ ತಮ್ಮ ಕಂಪನಿಯ ಹೆಸರು ತಾನಾಗಿಯೇ ನೆನಪಿಗೆ ಬಂದೀತು. ನನ್ನ ತಾಯಿಗೆ ಎಂಬತ್ತಮೂರು ವರ್ಷ. ಸೊಂಟದ ಮೂಳೆ ಮುರಿದ ಮೇಲೆ ಅವರು ಹಾಸಿಗೆ ಹಿಡಿದಿದ್ದರು. ಅಂಥ ಮನೆಯಲ್ಲಿ ದಿನವೊಂದಕ್ಕೆ ಎಷ್ಟು ಹಾಸುಬಟ್ಟೆ, ಎಷ್ಟು ಪಂಚೆ ಸೀರೆಗಳು ಒಗೆತಕ್ಕೆ ಬೀಳುತ್ತವೆಂಬುದು ಅನುಭವವಿದ್ದವರಿಗೆ ಗೊತ್ತು. ನಮಗೆ ಆ ಯಂತ್ರ ಸಿರಿವಂತಿಕೆಯ ಗುರುತಾಗಿರಲಿಲ್ಲ, ಎರಡು ಜೊತೆ ಕೈಗಳಾಗಿತ್ತು.

ಹನ್ನೊಂದನೆಯ ತಿಂಗಳಲ್ಲಿ ಅದು ಮೊದಲ ಬಾರಿ ಮುಷ್ಕರ ಹೂಡಿತು. ನೀರು ತುಂಬಿಕೊಂಡು, ಅರ್ಧ ಒಗೆದು, ದೀಪಗಳನ್ನು ಮಿಟುಕಿಸುತ್ತ ನಿಂತುಬಿಟ್ಟಿತು. ಕಂಪನಿಗೆ ದೂರವಾಣಿ ಮಾಡಿದೆವು. ಒಬ್ಬ ಯುವಕ ಬಂದ, ಸಂಭಾವಿತ. ಪ್ಲಗ್ಗನ್ನು ಕಿತ್ತು, ಹತ್ತು ನಿಮಿಷ ಕಾದು, ಮತ್ತೆ ಸಿಕ್ಕಿಸಿದ. ಯಂತ್ರ ತಿರುಗಿತು. "ಏನೂ ಇಲ್ಲ ಮೇಡಂ, ವೋಲ್ಟೇಜ್ ಏರುಪೇರಾಗಿರುತ್ತೆ" ಎಂದು ಹೇಳಿ, ಒಂದು ಹಳದಿ ಚೀಟಿಯ ಮೇಲೆ ನನ್ನ ಹೆಂಡತಿಯ ಸಹಿ ಪಡೆದು, ಪ್ರತಿಯನ್ನು ಕೊಟ್ಟು ಹೋದ. ನನ್ನಾಕೆ ಆ ಚೀಟಿಯನ್ನು ವಾರಂಟಿ ಕಾರ್ಡಿನೊಳಗೆ ಮಡಿಸಿಟ್ಟಳು. ಅಂಗಡಿಯ ಬಿಲ್ಲು, ಚೀಟಿ, ರಸೀದಿ ಯಾವುದನ್ನೂ ಎಸೆಯದ ಗುಣ ಆಕೆಗೆ ತವರಿನಿಂದ ಬಂದದ್ದು.

ಹದಿನಾಲ್ಕನೆಯ ತಿಂಗಳಲ್ಲಿ ಅದೇ ದೀಪಗಳು ಅದೇ ರೀತಿ ಮಿಟುಕಿದವು. ಈ ಬಾರಿ ಹತ್ತು ನಿಮಿಷವಲ್ಲ, ಹತ್ತು ಗಂಟೆ ಕಾದರೂ ಯಂತ್ರ ಕದಲಲಿಲ್ಲ. ಬೇರೊಬ್ಬ ಯುವಕ ಬಂದ. ಹಿಂಬದಿಯ ಮುಚ್ಚಳ ತೆಗೆದ, ಮೀಟರು ಹಿಡಿದ, ತಲೆಯಾಡಿಸಿದ. "ಬೋರ್ಡ್ ಹೋಗಿದೆ ಸರ್. ಹೊಸದಕ್ಕೆ ಏಳು ಸಾವಿರದ ಎಂಟುನೂರು, ಮೇಲೆ ಲೇಬರ್. ಇವತ್ತು ಬಂದದ್ದಕ್ಕೆ ನಾನೂರ ಎಪ್ಪತ್ತು."

"ಆ ಬೋರ್ಡನ್ನೇ ರಿಪೇರಿ ಮಾಡೋದಕ್ಕಾಗಲ್ಲವೇನಪ್ಪಾ?" ಎಂದೆ.

"ನಮ್ಮಲ್ಲಿ ಬೋರ್ಡ್ ರಿಪೇರಿ ಅನ್ನೋದೇ ಇಲ್ಲ ಸರ್. ಚೇಂಜ್ ಮಾಡೋದು ಅಷ್ಟೆ." ಆಮೇಲೆ ದನಿ ತಗ್ಗಿಸಿ, "ಇದಕ್ಕೆ ಅಷ್ಟು ಹಾಕೋ ಬದಲು ಹೊಸ ಮೆಷೀನೇ ತಗೊಂಡುಬಿಡಿ. ಎಕ್ಸ್‌ಚೇಂಜಲ್ಲಿ ಎರಡು ಸಾವಿರ ಕಡಿಮೆ ಮಾಡಿಸ್ತೀನಿ" ಎಂದ.

ಹದಿನಾಲ್ಕು ತಿಂಗಳ ಯಂತ್ರವನ್ನು ಗುಜರಿಗೆ ಹಾಕುವ ಸಲಹೆಯನ್ನು ಆತ ಕೇಡಿನ ಮನಸ್ಸಿನಿಂದ ಕೊಡಲಿಲ್ಲ. ಅವನಿಗೆ ಕಲಿಸಿದ್ದೇ ಅಷ್ಟು. ನನ್ನ ಬಾಲ್ಯದ ಬೀದಿ ಬೇರೆಯಾಗಿತ್ತು. ಕಲಾಯಿ ಹಾಕುವವನು ತಿದಿಯೊತ್ತುತ್ತ ಕುಳಿತರೆ ಬೀದಿಯ ಹಿತ್ತಾಳೆ ಪಾತ್ರೆಗಳೆಲ್ಲ ಅವನ ಮುಂದೆ ಸಾಲುಗಟ್ಟುತ್ತಿದ್ದವು. ಸಾಣೆ ಹಿಡಿಯುವವನು, ಕೊಡೆಯ ಕಡ್ಡಿ ಸರಿಮಾಡುವವನು, ಪಂಪು ಸ್ಟವ್ವಿಗೆ ಪಿನ್ನು ಹಾಕುವವನು, ನುಣುಪಾದ ಒರಳುಕಲ್ಲನ್ನು ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಿಕೊಡುವವರು, ಇವರೆಲ್ಲ ಬರುತ್ತಿದ್ದರು. ಒರಳುಕಲ್ಲಿಗೆ ವಾರಂಟಿ ಇರಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತಿತ್ತು. ಆ ಕಾಲವೇ ಮತ್ತೆ ಬರಲೆಂದು ನಾನು ಹೇಳುತ್ತಿಲ್ಲ. ಒರಳು ತಿರುವಿ ತಿರುವಿ ರಟ್ಟೆ ಸೋತ ಹೆಂಗಸರನ್ನು ಕೇಳಿದರೆ ಅವರು ಮಿಕ್ಸಿಗೆ ಕೈಮುಗಿಯುತ್ತಾರೆ.

ಮಿಕ್ಸಿಯ ಮಾತು ಬಂದದ್ದರಿಂದ ಒಂದು ಸಂಗತಿ. ನಮ್ಮ ದೇಶದ ಅಡುಗೆಗೆ ಒಗ್ಗುವ 'ಸುಮೀತ್' ಮಿಕ್ಸಿ ಹುಟ್ಟಿದ್ದೇ ಇಂಥದೊಂದು ರಿಪೇರಿಯ ಪೇಚಾಟದಿಂದ. ೧೯೬೩ರ ಸುಮಾರಿನಲ್ಲಿ ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ ಮಾಥುರರ ಮನೆಯಲ್ಲಿದ್ದ ವಿದೇಶೀ ಮಿಕ್ಸರು ಕೆಟ್ಟಿತು. ಇಲ್ಲಿ ಅದನ್ನು ಸರಿಪಡಿಸುವ ಅನುಕೂಲವಿರಲಿಲ್ಲ. ಮಡದಿ ಮಾಧುರಿಯವರ ಒತ್ತಾಯದಿಂದ ಅವರು ಉದ್ದು, ಅರಿಸಿನ, ಕೊಬ್ಬರಿಗಳಿಗೆ ಹೆದರದ ಬಲವಾದ ಮೋಟಾರಿನ ಯಂತ್ರವನ್ನು ತಾವೇ ರೂಪಿಸಿದರು. ಮಿಕ್ಸಿ ಈಗಲೂ ಬೀದಿಯ ಅಂಗಡಿಯಲ್ಲಿ ಸರಿಹೋಗಬಲ್ಲ ಯಂತ್ರ. ಜಾಡಿಯ ಅಡಿಯಲ್ಲಿ ಹಲ್ಲುಗಳಿರುವ ಒಂದು ಚಿಕ್ಕ ಬಿಲ್ಲೆ ಇರುತ್ತದಲ್ಲ, ಕಪ್ಲರ್ ಎಂದು ಕರೆಯುತ್ತಾರೆ, ಅದು ಸವೆಯಲೆಂದೇ ಇರುವ ಭಾಗ. ಬ್ಲೇಡು ಸಿಕ್ಕಿಕೊಂಡಾಗ ಮೋಟಾರು ಸುಡುವ ಮೊದಲು ತಾನು ಹಲ್ಲು ಮುರಿದುಕೊಳ್ಳುವ ತ್ಯಾಗಜೀವಿ. ಮೋಟಾರಿನೊಳಗಿನ ಕಾರ್ಬನ್ ತುಂಡುಗಳೂ ಹಾಗೆಯೇ. ಸವೆದರೆ ಕೆಲವೇ ರೂಪಾಯಿಗಳಲ್ಲಿ ಹೊಸವು ಬರುತ್ತವೆ. ಇನ್ನು ಯಂತ್ರದ ತಳದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತದೆ. ಹೊರೆ ಹೆಚ್ಚಾದಾಗ ಅದು ತಾನೇ ಹೊರಚಿಮ್ಮಿ ವಿದ್ಯುತ್ತನ್ನು ಕಡಿಯುತ್ತದೆ. ಯಂತ್ರ ತಣಿದ ಮೇಲೆ ಅದನ್ನು ಒತ್ತಿದರೆ ಮತ್ತೆ ಓಡುತ್ತದೆ. ಬರಿಯ ಆ ಗುಂಡಿ ಒತ್ತಿಸಿಕೊಳ್ಳುವುದಕ್ಕಾಗಿ ಮಿಕ್ಸಿಯನ್ನು ಆಟೋದಲ್ಲಿಟ್ಟು ಒಯ್ಯುವವರೂ ಇದ್ದಾರೆಂದು ನಮ್ಮ ಬೀದಿಯ ಮಿಸ್ತ್ರಿ ಹೇಳುತ್ತಾನೆ.

ಈ ಮಿಸ್ತ್ರಿಯ ಅಂಗಡಿ ಆರಡಿ ಅಗಲ, ಎಂಟಡಿ ಉದ್ದ. ಅದರೊಳಗೆ ಅವನು ಹೇಗೆ ನುಸುಳುತ್ತಾನೆಂಬುದೇ ಸೋಜಿಗ. ನನ್ನಾಕೆ ಅವನ ಬಳಿ ವಿಚಾರಿಸಿದಳು.

"ತೆಗೆದು ನೋಡ್ಬೇಕು ಅಮ್ಮಾವ್ರೇ. ಆ ಬೋರ್ಡಿನ ಮೇಲೆ ಅಂಟಿನ ಥರ ಪದರ ಸುರಿದಿರ್ತಾರೆ. ಅದನ್ನು ಕೆರೆದು ಒಳಗೆ ಹೋಗೋದೇ ಕಷ್ಟ. ಹೊಸ ಬೋರ್ಡು ತರೋಣ ಅಂದ್ರೆ ನಮ್ಮಂಥವರಿಗೆ ಕಂಪನಿ ಕೊಡಲ್ಲ. ಎಸ್.ಪಿ. ರಸ್ತೆಯಲ್ಲಿ ಹುಡುಕಿದ್ರೆ ಹಳೇದು ಸಿಕ್ಕಿದರೆ ಸಿಕ್ಕಿತು."

ಆ ಪದರವನ್ನು ಕೇವಲ ಕುತಂತ್ರವೆನ್ನಲಾಗದು. ಒಗೆಯುವ ಯಂತ್ರದೊಳಗೆ ತೇವವುಂಟು, ನಮ್ಮ ಮನೆಗಳಲ್ಲಿ ಜಿರಲೆ, ಇರುವೆ, ಹಲ್ಲಿಗಳುಂಟು. ಬೋರ್ಡಿನ ಮೇಲೆ ಇವು ನಡೆದಾಡಿದರೆ ಸುಟ್ಟುಹೋಗುವುದು ಬೋರ್ಡೇ. ಪದರ ಅವುಗಳಿಂದ ಕಾಪಾಡುತ್ತದೆ. ಆದರೆ ಬಿಡಿಭಾಗವನ್ನು ಹೊರಗಿನವರಿಗೆ ಮಾರೆವೆನ್ನುವುದಕ್ಕೆ ಯಾವ ಜಿರಲೆಯ ನೆಪವನ್ನು ಹೇಳೋಣ? ಕಾರುಗಳ ವಿಷಯದಲ್ಲಿ ಈ ಪ್ರಶ್ನೆ ದೊಡ್ಡದಾಗಿಯೇ ಎದ್ದಿತು. ೨೦೧೪ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು, ಬಿಡಿಭಾಗಗಳನ್ನೂ ದುರಸ್ತಿಗೆ ಬೇಕಾದ ಮಾಹಿತಿಯನ್ನೂ ಸ್ವತಂತ್ರ ಮೆಕ್ಯಾನಿಕರಿಗೆ ಸಿಗದಂತೆ ತಡೆದಿದ್ದಕ್ಕಾಗಿ ಹದಿನಾಲ್ಕು ಕಾರು ತಯಾರಕರ ಮೇಲೆ ಒಟ್ಟು ೨,೫೪೪ ಕೋಟಿ ರೂಪಾಯಿಗಳಿಗೂ ಮಿಕ್ಕ ದಂಡವನ್ನು ವಿಧಿಸಿತು. ಮೇಲ್ಮನವಿಗಳಾದವು, ಅದು ಬೇರೆಯ ಕಥೆ. ಒಗೆಯುವ ಯಂತ್ರಗಳ ವಿಷಯಕ್ಕೆ ಯೂರೋಪಿನಲ್ಲಿ ೨೦೨೧ರ ಮಾರ್ಚಿಯಿಂದ ಒಂದು ನಿಯಮವಿದೆ: ಒಂದು ಮಾದರಿಯ ಕೊನೆಯ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆಯೂ ಹತ್ತು ವರ್ಷ ಅದರ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕು. ಅದೇ ವರ್ಷ ಫ್ರಾನ್ಸಿನಲ್ಲಿ, ಶಾಲೆಯ ಮಕ್ಕಳಿಗೆ ಅಂಕ ಹಾಕುವಂತೆ, ಕೆಲವು ಯಂತ್ರಗಳು ರಿಪೇರಿಗೆ ಎಷ್ಟು ಸುಲಭವೆಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಗುಣಾಂಕವನ್ನು ಅಂಗಡಿಯಲ್ಲಿಯೇ ತೋರಿಸತೊಡಗಿದರು. ನಮ್ಮ ಕೇಂದ್ರ ಸರ್ಕಾರವೂ ೨೦೨೨ರಲ್ಲಿ 'ದುರಸ್ತಿಯ ಹಕ್ಕಿ'ಗಾಗಿ ಒಂದು ಸಮಿತಿಯನ್ನು ನೇಮಿಸಿ, ಆ ವರ್ಷದ ಡಿಸೆಂಬರ್ ೨೪ರಂದು ಕಂಪನಿಗಳ ದುರಸ್ತಿ ವಿವರಗಳನ್ನು ಒಂದೆಡೆ ಸೇರಿಸುವ ಜಾಲತಾಣವನ್ನು ತೆರೆಯಿತು. ಒಳ್ಳೆಯ ಆರಂಭವೇ. ನಮ್ಮ ಮಿಸ್ತ್ರಿಯ ಕೈಗೆ ಬೋರ್ಡು ಬಂದ ದಿನ ಅದನ್ನು ನಾನು ಇನ್ನೂ ಗಟ್ಟಿಯಾಗಿ ಹೊಗಳಬಲ್ಲೆ.

ಇತ್ತ ನಮ್ಮ ಮನೆಯಲ್ಲಿ ಒಂದು ಧರ್ಮಸಂಕಟ ತಲೆದೋರಿತು. ನನ್ನಾಕೆಯ ವಾದ ಇದು: ಹನ್ನೊಂದನೆಯ ತಿಂಗಳಲ್ಲಿ ಕಂಡ ದೋಷವೇ ಹದಿನಾಲ್ಕನೆಯ ತಿಂಗಳಲ್ಲಿ ಮರಳಿದೆ. ವಾರಂಟಿಯೊಳಗೆ ದೂರು ಕೊಟ್ಟದ್ದಕ್ಕೆ ಹಳದಿ ಚೀಟಿ ಸಾಕ್ಷಿ. ಅಂದು ರೋಗವನ್ನು ಗುಣಪಡಿಸದೆ ಬರಿಯ ಬೆನ್ನು ತಟ್ಟಿ ಹೋದವರು ಇಂದು ಚಿಕಿತ್ಸೆಗೆ ಹಣ ಕೇಳುವುದು ಯಾವ ನ್ಯಾಯ? ವಾದವೇನೋ ಸರಿ. ಆದರೆ ಮಿಸ್ತ್ರಿ ಒಮ್ಮೆ ಬೋರ್ಡನ್ನು ಕೆರೆದರೆ ಸಾಕ್ಷ್ಯವೇ ಹೋಯಿತು. 'ಹೊರಗಿನವರು ಮುಟ್ಟಿ ಕೆಡಿಸಿದ್ದಾರೆ' ಎಂದು ಕಂಪನಿ ಕೈಯೆತ್ತೀತು. ಮುಟ್ಟದೆ ಇಟ್ಟರೆ ಬಟ್ಟೆ ಒಗೆಯುವವರು ಯಾರು?

ಆಕೆ ಮೊದಲು ಮಾಡಿದ ಕೆಲಸವೆಂದರೆ, ಆ ಎರಡನೆಯ ಯುವಕನನ್ನು ಹಾಗೆಯೇ ಹೋಗಗೊಡದೆ, ಕಂಡ ದೋಷವನ್ನು ಅವನ ಚೀಟಿಯಲ್ಲಿ ಬರೆಸಿಕೊಂಡದ್ದು. 'ಬೋರ್ಡ್ ದೋಷ, ವಾರಂಟಿ ಮುಗಿದಿದೆ, ಬದಲಾವಣೆಗೆ ಗ್ರಾಹಕರ ಒಪ್ಪಿಗೆ ಇಲ್ಲ' ಎಂದು ಆತ ಬರೆದ. ದೋಷ ಬೋರ್ಡಿನದೇ ಎಂದು ಕಂಪನಿಯ ಮನುಷ್ಯನೇ ಬರೆದುಕೊಟ್ಟ ಮೇಲೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ? ಆ ಬಳಿಕ ಕಂಪನಿಗೆ ಪತ್ರ ಬರೆದು ಉತ್ತರಕ್ಕಾಗಿ ಕಾದೆವು. ಬೆಳಿಗ್ಗೆ ನಾನು, ಸಂಜೆ ಆಕೆ ಹಾಸುಬಟ್ಟೆಗಳನ್ನು ಒಗೆದೆವು. ಮಳೆಗಾಲ ಬೇರೆ, ಕೈಯಲ್ಲಿ ಹಿಂಡಿದ ದಪ್ಪ ಬಟ್ಟೆ ಎರಡು ದಿನವಾದರೂ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ.

ಮೂರನೆಯ ವಾರ ಒಂದು ರಾತ್ರಿ ಮಾತ್ರೆಯ ಜತೆಗೆ ಕೊಟ್ಟ ನೀರನ್ನು ಅಮ್ಮ ಒಂದು ಗುಟುಕು ಮಾತ್ರ ಕುಡಿದು ಲೋಟವನ್ನು ಸರಿಸಿದರು. ಹಿಂದಿನ ರಾತ್ರಿಯೂ ಹಾಗೆಯೇ ಆಗಿತ್ತು. "ಯಾಕಮ್ಮಾ?" ಎಂದರೆ "ಬಾಯಾರಿಕೆ ಇಲ್ಲ ಕಣೋ" ಎಂದರು. ನನ್ನಾಕೆಗೆ ಅರ್ಥವಾಗಲು ತಡವಾಗಲಿಲ್ಲ. ರಾತ್ರಿ ಹಾಸಿಗೆ ಒದ್ದೆಯಾದರೆ ಬೆಳಿಗ್ಗೆ ಮಗ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಗೆಯಬೇಕಲ್ಲ ಎಂದು ಮುದುಕಿ ನೀರು ಬಿಟ್ಟಿದ್ದರು. ಹಾಗೆಂದು ಅವರ ಬಾಯಿಂದ ಯಾರೂ ಹೊರಡಿಸಲಾರರು. ಆದರೆ ಮರುದಿನ ಡಾಕ್ಟರು ಅವರ ಒಣಗಿದ ನಾಲಗೆಯನ್ನು ನೋಡಿ ನಮ್ಮನ್ನು ಗದರಿದರು.

ಅಂದೇ ಮಿಸ್ತ್ರಿಯನ್ನು ಕರೆಸಿದೆವು. ಅವನು ಯಂತ್ರ ಬಿಚ್ಚುವುದರಿಂದ ಹಿಡಿದು ಮುಚ್ಚುವವರೆಗೆ ನನ್ನಾಕೆ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಳು. ಆತ ಬೋರ್ಡನ್ನು ಹೊರತೆಗೆದು, ಬಿಸಿಗಾಳಿಯಿಂದ ಪದರವನ್ನು ಮೆತ್ತಗೆ ಮಾಡಿ, ಒಂದು ಮೂಲೆಯಲ್ಲಿ ಅಂಗುಲದಷ್ಟು ಜಾಗವನ್ನು ತಾಳ್ಮೆಯಿಂದ ಕೆರೆದ. ಭೂತಗನ್ನಡಿಯನ್ನು ನಮ್ಮ ಕೈಗೆ ಕೊಟ್ಟು ತೋರಿಸಿದ. ರಿಲೇ ಎಂಬ ಪುಟ್ಟ ಪೆಟ್ಟಿಗೆಯ ಒಂದು ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು, ಉಂಗುರದಂತೆ. "ಬೆಸುಗೆ ಸರಿಯಾಗಿ ಹಿಡಿದಿಲ್ಲ ಅಮ್ಮಾವ್ರೇ. ಬಿಸಿಯಾದಾಗ ಬಿಡುತ್ತೆ, ತಣ್ಣಗಾದಾಗ ಹಿಡಿಯುತ್ತೆ. ಅದಕ್ಕೇ ಮೊದಲ ಸಲ ಹತ್ತು ನಿಮಿಷ ಬಿಟ್ಟಾಗ ಓಡಿದ್ದು. ಈಗ ಪೂರ್ತಿ ಬಿಟ್ಟಿದೆ." ಅವನು ಹೊಸದಾಗಿ ಬೆಸೆದು, ಮೇಲೆ ಮತ್ತೆ ಪದರ ಹಚ್ಚಿ, ಕೂರಿಸಿದ. ಯಂತ್ರ ತಿರುಗಿತು. ಕೂಲಿ ಆರುನೂರ ಐವತ್ತು. ಬಿಡಿಭಾಗದ ಖರ್ಚು ಏನೂ ಇಲ್ಲ, ಕಡಲೆಕಾಳಿನಷ್ಟು ಬೆಸುಗೆ. ನನ್ನಾಕೆ ಅವನಿಂದಲೂ ರಸೀದಿ ಬರೆಸಿಕೊಂಡಳು. ಅವನ ಅಂಗಡಿಯ ಇತಿಹಾಸದಲ್ಲಿ ಅದೇ ಮೊದಲ ರಸೀದಿಯಿರಬೇಕು. ನನ್ನ ಕಾಗದದ ಮೇಲೆ, ನನ್ನ ಲೇಖನಿಯಿಂದಲೇ ಬರೆದ.

ಅಷ್ಟರಲ್ಲಿ ಕಂಪನಿಯ ಉತ್ತರ ಬಂದಿತು. ವಾರಂಟಿ ಅವಧಿ ಮುಗಿದಿರುವುದಕ್ಕಾಗಿ ಅವರಿಗೆ ಬಹಳ ವಿಷಾದವಂತೆ.

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ಹೇಳಬೇಕು. ಗ್ರಾಹಕ ಸಂರಕ್ಷಣೆಯ ಮೊದಲ ಕಾಯಿದೆ ೧೯೮೬ರದು. ಅದರ ಸ್ಥಾನದಲ್ಲಿ ೨೦೧೯ರ ಕಾಯಿದೆ ೨೦೨೦ರ ಜುಲೈನಲ್ಲಿ ಜಾರಿಗೆ ಬಂದಿತು. ವಾರಂಟಿಯ ಕೊನೆಯ ದಿನವೇ ಗ್ರಾಹಕನ ಹಕ್ಕಿನ ಕೊನೆಯ ದಿನವೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಸವೆದು ಹೋದ ಭಾಗಕ್ಕೆ, ನಾವೇ ಕೆಡವಿ ಒಡೆದದ್ದಕ್ಕೆ ಕಂಪನಿಯನ್ನು ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ತಯಾರಿಕೆಯಲ್ಲಿಯೇ ಅಡಗಿದ್ದ ದೋಷ ತಡವಾಗಿ ಹೊರಬಿದ್ದರೆ, ಅಥವಾ ವಾರಂಟಿಯೊಳಗೆ ಕೊಟ್ಟ ದೂರನ್ನು ಸರಿಯಾಗಿ ನಿವಾರಿಸದೆ ದಿನ ತಳ್ಳಿದ್ದರೆ, ಕೇಳುವ ದಾರಿ ತೆರೆದೇ ಇದೆ. ದೋಷವನ್ನು ತೋರಿಸಿಕೊಡುವ ಭಾರ ಮಾತ್ರ ದೂರುದಾರನದು. ಚೀಟಿಗಳ ಬೆಲೆ ತಿಳಿಯುವುದು ಅಲ್ಲಿ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಬಹುದು; ಇದು ೨೦೧೯ರ ಕಾಯಿದೆ ಮಾಡಿದ ದೊಡ್ಡ ಉಪಕಾರ. ಕೊಂಡ ವಸ್ತುವಿನ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ; ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವಿಲ್ಲ. ವಸ್ತುವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾಗಿಲ್ಲದಿದ್ದರೆ ಮೂರು ತಿಂಗಳೊಳಗೆ, ಇದ್ದರೆ ಐದು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಹೇಳುವುದು ಕಾಯಿದೆ, ಮುಂದೂಡುವುದು ಮನುಷ್ಯರು. ಅದಕ್ಕೂ ಮೊದಲು ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದು ನ್ಯಾಯಾಲಯವಲ್ಲ, ಅದರ ಮಾತು ತೀರ್ಪಲ್ಲ; ಆದರೆ ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುತ್ತದೆ.

ನನ್ನಾಕೆ ೧೯೧೫ಕ್ಕೆ ಕರೆ ಮಾಡಿದಳು. ಕಂಪನಿ ಮತ್ತೊಮ್ಮೆ ವಿಷಾದಿಸಿತು. ಆಗ ಆಕೆ ಎರಡು ಪುಟಗಳ ನೋಟೀಸನ್ನು ತಾನೇ ಬರೆದಳು. ಎರಡು ಚೀಟಿಗಳ ಪ್ರತಿ, ಬಿರುಕಿನ ಛಾಯಾಚಿತ್ರ, ಮಿಸ್ತ್ರಿಯ ರಸೀದಿ ಎಲ್ಲವನ್ನೂ ಲಗತ್ತಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದಳು. ಒಂದೂ ಕಟುವಾದ ಮಾತಿರಲಿಲ್ಲ, ತಾರೀಖುಗಳೇ ಇದ್ದವು. ಹನ್ನೆರಡನೆಯ ದಿನ ಕಂಪನಿಯ ದೊಡ್ಡ ಕಚೇರಿಯಿಂದ ದೂರವಾಣಿ ಬಂದಿತು. ಭೇಟಿಯ ನಾನೂರ ಎಪ್ಪತ್ತು ರೂಪಾಯಿ ಹಿಂದಕ್ಕೆ ಕೊಡುವರಂತೆ. ಹೊಸ ಬೋರ್ಡನ್ನು 'ಸೌಹಾರ್ದದ ದ್ಯೋತಕವಾಗಿ' ಉಚಿತವಾಗಿ ಹಾಕಿಕೊಡುವರಂತೆ.

"ಬೋರ್ಡು ಬೇಡ, ಅದು ಸರಿಹೋಗಿದೆ. ಮಿಸ್ತ್ರಿಗೆ ಕೊಟ್ಟ ಆರುನೂರ ಐವತ್ತು ಕೊಡಿ" ಎಂದಳು.

ಏಳು ಸಾವಿರದ ಎಂಟುನೂರರ ಬೋರ್ಡು ಕೊಡಲು ಅವಕಾಶವಿದೆ, ಆರುನೂರ ಐವತ್ತು ರೂಪಾಯಿ ಕೊಡಲು ಅವಕಾಶವಿಲ್ಲ ಎಂದು ಆ ಕಡೆಯವರು ವಿನಯದಿಂದ ತಿಳಿಸಿದರು. ಆ ಹಣಕ್ಕಾಗಿ ಆಯೋಗದ ಮೆಟ್ಟಿಲು ಹತ್ತೋಣವೆಂದು ನಾನು ಹುರಿದುಂಬಿಸಿದೆ. ಆಕೆ, "ಅತ್ತೆಯವರನ್ನ ಯಾರು ನೋಡ್ಕೊಳ್ತಾರೆ ರೀ? ಎರಡು ವರ್ಷ ಕಾಲಾವಕಾಶ ಇದೆಯಲ್ಲ, ನೋಡೋಣ" ಎಂದು ಕಾಗದಗಳನ್ನು ಕಟ್ಟಿಟ್ಟಳು.

ಒಂದು ವಾರ ಕಳೆದು ಮೊದಲು ಬಂದಿದ್ದ ಯುವಕನೇ ಹೊಸ ಬೋರ್ಡಿನ ಪೆಟ್ಟಿಗೆ ಹಿಡಿದು ಬಂದ. ಬೇಡವೆಂದರೂ ಮೇಲಿನಿಂದ ಅಪ್ಪಣೆಯಾಗಿತ್ತಂತೆ. ಹೊಸದನ್ನು ಕೊಡಬೇಕಾದರೆ ಹಳೆಯದನ್ನು, ಅದೂ ಕೆಟ್ಟದ್ದನ್ನು, ಒಯ್ಯತಕ್ಕದ್ದೆಂಬುದು ನಿಯಮ. ನಮ್ಮದು ಕೆಟ್ಟಿರಲಿಲ್ಲ, ಆ ಹೊತ್ತಿಗೆ ಒಂದು ಹೊರೆ ಬಟ್ಟೆಯನ್ನು ಹಾಕಿಕೊಂಡು ಓಡುತ್ತಲೇ ಇತ್ತು. "ನಡೀತಾ ಇರೋ ಬೋರ್ಡನ್ನ ಕಿತ್ತು ಕೊಡಲೇನಪ್ಪಾ?" ಎಂದು ನನ್ನಾಕೆ ಕೇಳಿದಳು. ಅವನು ತನ್ನ ಮೊಬೈಲನ್ನು ಅತ್ತಿತ್ತ ಒತ್ತಿದ. ಕೆಟ್ಟ ಭಾಗದ ಚಿತ್ರವಿಲ್ಲದೆ ಅದರಲ್ಲಿ ಮುಂದಿನ ಪುಟ ತೆರೆಯುತ್ತಿರಲಿಲ್ಲ.

"ಮೇಡಂ, 'ಗ್ರಾಹಕರು ಭಾಗವನ್ನು ನಿರಾಕರಿಸಿದ್ದಾರೆ' ಅಂತ ಹಾಕ್ಲಾ?"

"ಹಾಕು. ಅದರ ಕೆಳಗೆ, 'ಹಳೆಯದು ಹೊರಗೆ ರಿಪೇರಿಯಾಗಿ ಕೆಲಸ ಮಾಡುತ್ತಿದೆ' ಅಂತಲೂ ಹಾಕು. ಆಮೇಲೆ ಸಹಿ ಮಾಡ್ತೀನಿ."

ಅವನು ಹಾಕಿದ, ಆಕೆ ಸಹಿ ಮಾಡಿದಳು, ಪ್ರತಿಯನ್ನು ಕೇಳಿ ಪಡೆದಳು. ಅವನು ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಹೊರಡುವ ಮೊದಲು ಯಂತ್ರದ ಹಿಂಬದಿಗೆ ಬಗ್ಗಿ, ಆ ಬೆಸುಗೆ ಹಾಕಿದವರು ಯಾರು, ಅವರ ಅಂಗಡಿ ಎಲ್ಲಿ ಎಂದು ನನ್ನನ್ನು ಮೆಲ್ಲಗೆ ವಿಚಾರಿಸಿದ. ಹೇಳಿದೆ.

ಒಳಗಿನಿಂದ ಅಮ್ಮ, "ಯಾರೇ ಅದು ಬಂದಿರೋದು? ಕಾಫಿ ಕೊಟ್ಟೆಯೇನೇ?" ಎಂದು ಕೂಗಿದರು. ಯಂತ್ರ ಆಗ ಬಟ್ಟೆ ಹಿಂಡುತ್ತಿತ್ತು. ಆ ಸದ್ದಿನಲ್ಲಿ ಹುಡುಗನಿಗೆ ಕೇಳಿಸದೆ ಅವನು ಮೆಟ್ಟಿಲಿಳಿದಿದ್ದ. ನನ್ನಾಕೆ ಬಾಗಿಲಿಗೆ ಹೋಗಿ ಅವನನ್ನು ಕರೆದಳು.